ವಿಂಡ್‌ಶೀಲ್ಡ್ ಎತ್ತರ: ಕಣ್ಣಿಗಿಂತ ಕೆಳಗಿರಲಿ

ಬೈಕಿಗೆ ವಿಂಡ್‌ಶೀಲ್ಡ್ (ಸವಾರನ ಮುಂದಿನ ಪಾರದರ್ಶಕ ಗಾಳಿತಡೆ) ಇದ್ದರೂ ಹೆಲ್ಮೆಟ್ ಅದುರುತ್ತದೆ, ಇನ್ನೂ ಎತ್ತರದ್ದನ್ನು ಹಾಕಿಸಬೇಕೇ ಎಂದು ಕೇಳಿದ್ದೀರಿ. ಎತ್ತರ ಹೆಚ್ಚಿದಷ್ಟೂ ಒಳ್ಳೆಯದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಸವಾರಿಯ ಭಂಗಿಯಲ್ಲಿ ಕುಳಿತಾಗ ಅದರ ಮೇಲಂಚು ಸುಮಾರು ಮೂಗಿನ ಮಟ್ಟಕ್ಕೆ ಬಂದು, ರಸ್ತೆಯು ಅಂಚಿನ ಮೇಲಿನಿಂದ ನೇರವಾಗಿ ಕಾಣುವಂತಿದ್ದರೆ ಸಾಕು; ಇಲ್ಲವಾದರೆ ರಾತ್ರಿ ಮಳೆಯಲ್ಲಿ ಎದುರಿನ ವಾಹನದ ಬೆಳಕು ಒಂದೊಂದು ಹನಿಯಲ್ಲೂ ಚೆದುರಿ ದಾರಿಯೇ ಮಸುಕಾಗುತ್ತದೆ. ಅದುರುವಿಕೆಗೆ ಕಾರಣ, ಮೇಲಂಚಿನ ಹಿಂದೆ ಹುಟ್ಟುವ ಸುಳಿಗಾಳಿ. ಖಾಲಿ ನೇರ ರಸ್ತೆಯಲ್ಲಿ ತುಸು ತಗ್ಗಿ, ಬಳಿಕ ಬೆನ್ನು ನೆಟ್ಟಗೆ ಮಾಡಿ ನೋಡಿ: ತಗ್ಗಿದಾಗ ಶಾಂತವಾದರೆ ಎತ್ತರದ್ದು ಬೇಕು, ನೆಟ್ಟಗಾದಾಗ ಶಾಂತವಾದರೆ ಗಿಡ್ಡದ್ದೇ ಸರಿ. ಕೊಳ್ಳುವ ಮುನ್ನ ಬುಡದಲ್ಲಿ ಗಾಳಿ ನುಗ್ಗಲು ಸಂದು ಬಿಟ್ಟು ನೋಡಿ, ಎಷ್ಟೋ ಬೈಕುಗಳಲ್ಲಿ ಅಷ್ಟರಿಂದಲೇ ಸುಳಿ ತಗ್ಗುತ್ತದೆ.