ಗ್ರೀಸ್ ಮುಗದದಂತ್ರಿ

(ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹೆಸರಿಡುವುದು ಬೇಡ, ಅವ್ವ ಅಂತಲೇ ಬರೆಯುತ್ತೇನೆ. ನಾನು ಕರೆದದ್ದೂ ಹಾಗೆಯೇ.)

ಅವ್ವನಿಗೆ 61 ವರ್ಷ. ಸೇಡಂ ಕಡೆಯ ಹಳ್ಳಿಯವರು, ಈಗ ಕಲಬುರಗಿಯಲ್ಲಿ ಮಗ-ಸೊಸೆಯ ಜೊತೆ ಇದ್ದಾರೆ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಮಗನನ್ನು ಓದಿಸಿದ ಜೀವ. ಎರಡು ವರ್ಷದಿಂದ ಬಲ ಮೊಣಕಾಲು ನೋವು, ಆರು ತಿಂಗಳಿಂದ ಎಡಗಡೆಯ ಚಪ್ಪಿಯೂ (ತೊಡೆ ಸೊಂಟಕ್ಕೆ ಸೇರುವ ಭಾಗ) ಹಿಡಿದುಕೊಂಡಿತ್ತು. ಮಗ ಆಪ್ತಸಲಹೆಗೆಂದು ನನ್ನ ಹತ್ತಿರ ಕರೆತಂದದ್ದು ಮಾತ್ರ ಬೇರೆ ದೂರಿಗೆ: “ಅವ್ವ ಮಾತು ಕಡಿಮಿ ಮಾಡ್ಯಾಳ್ರಿ. ಸಂಜಿ ಊಟಾನೂ ಬಿಟ್ಟಾಳ. ಡಿಪ್ರೆಶನ್ ಇರಬಹುದು ಅಂದ್ರು.”

ಅವ್ವ ಮೊದಲು ಹೇಳಿದ ಮಾತು: “ಗ್ರೀಸ್ ಮುಗದದಂತ್ರಿ ಮೇಡಂ. ನಡದಷ್ಟೂ ಸವೀತದ. ಅದ್ಕ ಕುಂತುಬಿಟ್ಟೀನಿ.”

ಈ ‘ಗ್ರೀಸ್’, ‘ಗ್ಯಾಪ್’, ‘ಗಾದಿ ಸವದದ’ ಎಂಬ ಮಾತುಗಳು ಮಾಡುವ ಹಾನಿ ನನಗೆ ಹೊಸದಲ್ಲ. ಎಕ್ಸ್‌ರೇ ಹಿಡಿದು ಯಾರೋ ಅವಸರದಲ್ಲಿ ಅಂದಿರುತ್ತಾರೆ, ಕೇಳಿದವರು ಅಂದಿನಿಂದ ತಮ್ಮ ಕಾಲನ್ನು ಹಳೇ ಯಂತ್ರದಂತೆ ಮೂಲೆಗೆ ಇಡುತ್ತಾರೆ. ಮನೆಯವರೂ ಪ್ರೀತಿಯಿಂದಲೇ ಅದಕ್ಕೆ ಕೈಜೋಡಿಸುತ್ತಾರೆ. ಇಲ್ಲಿ ಮಗ ರೊಟ್ಟಿಯ ಹಂಚು, ಹಿಟ್ಟು ನಾದುವ ಕೊಣಮಗಿ ಎರಡನ್ನೂ ಅಟ್ಟಕ್ಕೇರಿಸಿದ್ದ. “ಇನ್ನ ಸುಮ್ನ ಕುಂದ್ರು ಬೇ” ಎಂದಿದ್ದ. ಅವ್ವ ಸುಮ್ಮನೆ ಕೂತರು. ವರ್ಷದಲ್ಲಿ ಒಂಬತ್ತು ಕಿಲೋ ಏರಿತು, ತೊಡೆ ಸೊರಗಿತು, ನೋವು ಹೆಚ್ಚಾಯಿತು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ಭೇಟಿಯಲ್ಲೇ ತೂಕದ ಮಾತು ತೆಗೆದೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ ಎಂದು ವಿವರಿಸಿದೆ. ಲೆಕ್ಕ ಸರಿಯೇ, ಆದರೆ ಹೊತ್ತು ಸರಿ ಇರಲಿಲ್ಲ. ಅವ್ವ ಮೂರು ವಾರ ಈ ಕಡೆ ಸುಳಿಯಲಿಲ್ಲ.

ಎರಡನೇ ಸಲ ಬಂದಾಗ ನಾನು ಕೇಳಿದ್ದು ಒಂದೇ: ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಏನೇನು ಮಾಡ್ತೀರಿ? ಅವ್ವ ಬಹಳ ಹೊತ್ತು ಹೇಳಿದರು. ನಡುವೆ, ಸೊಸೆ ಹೊರಗೆ ಹೋದ ಮೇಲೆ, ದನಿ ತಗ್ಗಿಸಿ: “ನೀರ್ ಕುಡೀಲಕ ಅಂಜಿಕಿ ಬರ್ತದ್ರಿ. ಸಂಡಾಸಕ ಕುಂತ್ರ ಏಳ್ಲಕ ಬರಲ್ಲ. ಒಂದಿನ ಗೋಡಿ ಹಿಡಕೊಂಡು ಅರ್ಧ ತಾಸು ಕುಂತಿದ್ದೆ. ಸೊಸಿನ್ನ ಹ್ಯಾಂಗ ಕರೀಲಿ?”

ಸಂಜೆ ಊಟ ಬಿಟ್ಟ ಕಾರಣ ಅಲ್ಲಿತ್ತು. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಈ ಹೆಣ್ಣುಮಗಳು ದಿನಕ್ಕೆ ಎರಡು-ಮೂರು ಲೋಟ ನೀರಿನಲ್ಲಿ ಬದುಕುತ್ತಿದ್ದರು. ಜೊತೆಗೆ ಮೆಡಿಕಲ್ ಅಂಗಡಿಯಿಂದ ತಂದ ಡೈಕ್ಲೋಫಿನಾಕ್ ಎಂಬ ನೋವಿನ ಗುಳಿಗೆ ದಿನಕ್ಕೆರಡು, ಬಿಪಿ ಗುಳಿಗೆ ಬೇರೆ. ಮೈಯಲ್ಲಿ ನೀರಿಲ್ಲದಾಗ ಈ ಜೋಡಿ ಮೂತ್ರಪಿಂಡಕ್ಕೆ ಕೇಡು. ಆ ದಿನ ಆಪ್ತಸಲಹೆಯನ್ನು ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಕಳಿಸಿದೆ. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಸರಿಯಾಗಿಯೇ ಇತ್ತು. ಗುಳಿಗೆ ನಿಂತು, ಮೊಣಕಾಲಿಗೆ ಹಚ್ಚುವ ಜೆಲ್ ಬಂತು.

ಮಗನಿಗೆ ನಾನು ಕೊಟ್ಟ ಮೊದಲ ಸಲಹೆ ಕಾಲಿನದಲ್ಲ, ಸಂಡಾಸಿನದು: ಮೇಲಿಡುವ ಕಮೋಡ್ ಕುರ್ಚಿ, ಗೋಡೆಗೆ ಹಿಡಿಕೆ. ಬಚ್ಚಲಲ್ಲಿ ನುಣ್ಣಗಿನ ಶಹಾಬಾದ್ ಪರಸಿ ಕಲ್ಲಿನ ಮೇಲೆ ರಬ್ಬರ್ ಚಾಪೆ. ಅವನು ಬಹಳ ಹೊತ್ತು ತಲೆ ತಗ್ಗಿಸಿ ಕೂತಿದ್ದ. ವಾರದೊಳಗೆ ಅವ್ವ ಸಂಜೆ ಊಟ ಶುರು ಮಾಡಿದರು.

ಆಮೇಲೆ ‘ಗ್ರೀಸ್’ ವಿಷಯ. ಕೀಲಿನೊಳಗಿನ ಮೃದ್ವಸ್ಥಿಗೆ, ಅಂದರೆ ಎಲುಬಿನ ತುದಿಯ ನುಣ್ಣನೆಯ ಪದರಕ್ಕೆ, ರಕ್ತನಾಳಗಳಿಲ್ಲ. ಸುತ್ತಲಿನ ದ್ರವದಿಂದಲೇ ಅದಕ್ಕೆ ಪೋಷಣೆ, ಅದೂ ಒತ್ತಿ ಬಿಟ್ಟಾಗ. ಹಿಂಡಿ ಬಿಟ್ಟ ಬಟ್ಟೆ ನೀರು ಹೀರಿದ ಹಾಗ ಅವ್ವ, ಅಂದೆ. ಸವೆದದ್ದು ನಡಿಗೆಯಿಂದ ಮರಳಿ ಬೆಳೆಯುವುದಿಲ್ಲ ಎಂದೂ ಹೇಳಿದೆ, ಸುಳ್ಳು ಆಸೆ ಹುಟ್ಟಿಸಬಾರದಲ್ಲ. ಆದರೆ ತೊಡೆಯ ಮುಂದಿನ ಸ್ನಾಯು ಗಟ್ಟಿಯಾದರೆ ಕೀಲಿನ ಹೊರೆಯನ್ನು ಅದು ಹಂಚಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಬಹಳ ಸವೆತ ಕಂಡೂ ಆರಾಮಾಗಿ ನಡೆಯುವವರಿದ್ದಾರೆ, ಚಿತ್ರ ಚೊಕ್ಕ ಇದ್ದೂ ನರಳುವವರಿದ್ದಾರೆ.

ಚಪ್ಪಿಯ ನೋವಿಗೆ ಅವ್ವ “ಅದೂ ಸವದಿರ್ತದ” ಎಂದು ತಾವೇ ತೀರ್ಪು ಕೊಟ್ಟುಕೊಂಡಿದ್ದರು. ಎಲ್ಲಿ ಅಂತ ಕೇಳಿದರೆ ಕೈಯಿಟ್ಟದ್ದು ಹೊರಮಗ್ಗುಲಿನ ಎಲುಬಿನ ಮೇಲೆ. ಆ ಮಗ್ಗುಲಿಗೆ ಮಲಗಲಾಗದು. ಫಿಸಿಯೋಥೆರಪಿಸ್ಟ್ ಪರೀಕ್ಷಿಸಿ, ಕೀಲು ಚೆನ್ನಾಗಿದೆ, ಸ್ನಾಯುವನ್ನು ಎಲುಬಿಗೆ ಕಟ್ಟುವ ಅಲ್ಲಿನ ಸ್ನಾಯುರಜ್ಜು ನೊಂದಿದೆ ಎಂದರು. ಬಲಗಾಲು ಉಳಿಸಲು ಕುಂಟುತ್ತ ಎಡಕ್ಕೆ ಭಾರ ಹಾಕಿದ ಫಲವಿರಬಹುದು. ಚಪ್ಪಿಯ ಕೀಲೇ ಕೆಟ್ಟರೆ ನೋವು ಸಾಮಾನ್ಯವಾಗಿ ತೊಡೆಸಂದಿಯಲ್ಲಿ ಕಾಣಿಸುತ್ತದೆ, ಕೆಲವರಿಗೆ ಅದು ಮೊಣಕಾಲಿಗೆ ಇಳಿದು ಮೋಸ ಮಾಡುತ್ತದೆ. ಕುಂಡಿಯಿಂದ ಕೆಳಗೆ ಜಗ್ಗಿದರೆ ಟೊಂಕದ ಕಡೆ ನೋಡಬೇಕು. ಅವ್ವನಿಗೆ ಮಲಗುವಾಗ ಕಾಲುಗಳ ನಡುವೆ ದಿಂಬು ಇಡಲು, ಚಕ್ಕಳಮಕ್ಕಳ ಹಾಕಿ ಕೂರದಿರಲು ಹೇಳಿದರು. ಕೋಲು ಹಿಡಿದದ್ದು ನೋಯುವ ಮೊಣಕಾಲಿನ ಕಡೆಯ ಬಲಗೈಯಲ್ಲಿ, ಅದು ಎಡಗೈಗೆ ಬದಲಾಯಿತು. ಇಷ್ಟು ಸಣ್ಣ ಮಾತನ್ನು ಎರಡು ವರ್ಷ ಯಾರೂ ಹೇಳಿರಲಿಲ್ಲ.

ವ್ಯಾಯಾಮ ಎರಡೇ. ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು ಕೆಳಗೆ ಒತ್ತಿ ಐದು ಎಣಿಸುವುದು, ಎತ್ತರದ ಕುರ್ಚಿಯಿಂದ ಎದ್ದು ಕೂರುವುದು. ಮಾಡುವಾಗ ಸ್ವಲ್ಪ ನೋವಾದರೆ ಚಿಂತೆಯಿಲ್ಲ. ಮರುದಿನ ಬೆಳಿಗ್ಗೆಗೂ ಇಳಿಯದಿದ್ದರೆ, ಬಾವು ಬಂದರೆ, ಕಡಿಮೆ ಮಾಡಬೇಕು. ಕೀಲು ಕೆಂಪಾಗಿ ಕಾದು ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ ವ್ಯಾಯಾಮ ಬಿಟ್ಟು ಆಸ್ಪತ್ರೆಗೆ ಓಡಬೇಕು ಎಂದು ಸೊಸೆಗೆ ಬರೆದುಕೊಟ್ಟೆ.

ಹಂಚು ಅಟ್ಟದಿಂದ ಇಳಿಯಿತು. ನೆಲದ ಒಲೆಯಲ್ಲ, ಗ್ಯಾಸ್ ಕಟ್ಟೆಯ ಮೇಲೆ, ನಿಂತು ನಾಲ್ಕು ರೊಟ್ಟಿ, ನಡುವೆ ಎತ್ತರದ ಸ್ಟೂಲಿನ ಮೇಲೆ ಕೂತು ವಿಶ್ರಾಂತಿ. ನಿಂತು ಬಡಿದ ರೊಟ್ಟಿ ರೊಟ್ಟಿಯೇ ಅಲ್ಲ ಎಂದು ಅವ್ವ ಈಗಲೂ ಬೈಯುತ್ತಾರೆ. ಬೈಗುಳ ಕೇಳಿ ಮಗನಿಗೆ ಜೀವ ಬಂದಿದೆ.

ಮೊಣಕಾಲು ಬದಲಿಸುವ ಶಸ್ತ್ರಚಿಕಿತ್ಸೆಯ ಪ್ರಶ್ನೆ ಇನ್ನೂ ಮುಗಿದಿಲ್ಲ. ಬಿಪಿಎಲ್ ಕಾರ್ಡಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ ಎಂದಿದ್ದೇನೆ. ಇಷ್ಟೆಲ್ಲ ಮಾಡಿಯೂ ನೋವು ನಿದ್ದೆ ಕೆಡಿಸಿದರೆ ಅದು ಒಳ್ಳೆಯ ದಾರಿಯೇ. ಆದರೆ ಆಮೇಲೂ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಬಡಿಯುವ ಆಸೆ ಇಟ್ಟುಕೊಳ್ಳಬಾರದು ಎಂದೂ ತಿಳಿಸಿದೆ. ಅವ್ವ ಆರು ತಿಂಗಳು ನೋಡೋಣ ಅಂದರು, ಮಗ ಒಪ್ಪಿದ.

ಕಳೆದ ಭೇಟಿಯಲ್ಲಿ ಅವ್ವ ಕೇಳಿದ್ದು ಶರಣಬಸಪ್ಪನ ಜಾತ್ರೆಯ ಬಗ್ಗೆ. ಹೋಳಿಯ ನಂತರದ ಆ ತೇರನ್ನು ಎರಡು ವರ್ಷದಿಂದ ನೋಡಿಲ್ಲ. ಎಷ್ಟು ಹೊತ್ತು ನಿಲ್ಲಬಹುದು? ಹತ್ತು ನಿಮಿಷ ನಿಂತು ಹತ್ತು ನಿಮಿಷ ಕೂಡ್ರಿ, ಮಡಚುವ ಸ್ಟೂಲ್ ಒಯ್ಯಿರಿ ಅಂದೆ.

“ಸ್ಟೂಲ್ ಇವ ಹೊರ್ತಾನ್ ಬಿಡ್ರಿ,” ಮಗನ ಕಡೆ ಕೈ ಮಾಡಿದರು. “ನನಗ ಕುಂದ್ರು ಕುಂದ್ರು ಅಂತಿದ್ದ. ಈಗ ಹೊತಗೊಂಡ್ ನನ್ ಹಿಂದ ತಿರಗ್ಲಿ.”