ಆಗಮನ ಕಾಲದಲ್ಲಿ ಆನಂದವೇ ಆಗುತ್ತಿಲ್ಲ, ಏನು ಮಾಡಲಿ?

"ಈ ವರ್ಷ ಅಪ್ಪ ತೀರಿಕೊಂಡರು. ಕ್ರಿಸ್‌ಮಸ್‌ಗೆ ಮುಂಚಿನ ಈ ವಾರಗಳಲ್ಲಿ ತಪ್ಪದೆ ಪೂಜೆಗೆ ಹೋಗುತ್ತೇನೆ, ಬಾಗಿಲ ಮುಂದೆ ನಕ್ಷತ್ರವನ್ನೂ ಕಟ್ಟಿದ್ದೇನೆ. ಆದರೆ ಒಳಗೆ ಏನೂ ಇಲ್ಲ. ಉಳಿದವರಿಗೆ ಸಿಗುವ ಆನಂದ ನನಗೇಕೆ ಸಿಗುತ್ತಿಲ್ಲ?" ಎಂದು ಕೇಳಿದ್ದೀರಿ.

ನಿಮ್ಮ ಭಕ್ತಿಯಲ್ಲಿ ಕೊರತೆ ಇದೆ ಎಂದು ದಯವಿಟ್ಟು ಅಂದುಕೊಳ್ಳಬೇಡಿ. ಆಗಮನ ಕಾಲ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ಈ ಕಾಯುವ ವಾರಗಳು, ಇರುವುದೇ ನಿಮ್ಮಂಥವರಿಗಾಗಿ. ಧರ್ಮಸಭೆ ಈ ನಾಲ್ಕು ಭಾನುವಾರಗಳನ್ನು ರೂಪಿಸಿರುವ ಬಗೆಯನ್ನೇ ನೋಡಿ. ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ತೊಡುತ್ತಾರೆ. ಸಾಮಾನ್ಯವಾಗಿ ಭಾನುವಾರದ ಪೂಜೆಯಲ್ಲಿ ಹಾಡುವ ಮಹಿಮೆಯ ಗೀತೆ ಈಗ ಇರುವುದಿಲ್ಲ. ಅದು ಬೆತ್ಲೆಹೇಮಿನ ರಾತ್ರಿ ದೇವದೂತರು ಹಾಡಿದ ಹಾಡು. ಆ ರಾತ್ರಿ ಬರುವವರೆಗೆ ಅದನ್ನು ಎತ್ತಿಡುತ್ತಾರೆ. ಆದರೆ 'ಅಲ್ಲೆಲೂಯ' ಮಾತ್ರ ಹಾಗೆಯೇ ಉಳಿಯುತ್ತದೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಾದರೆ ಅದನ್ನೂ ಹಾಡುವುದಿಲ್ಲ. ಇದು ಪೂರ್ತಿ ಹಬ್ಬವೂ ಅಲ್ಲ, ಪೂರ್ತಿ ಶೋಕವೂ ಅಲ್ಲ. ನೀವು ಈಗ ನಿಂತಿರುವುದೂ ಇಲ್ಲಿಯೇ ಅಲ್ಲವೇ?

ಬೆಂಗಳೂರಿನಲ್ಲಿ ಇದು ಮರೆತುಹೋಗುವುದು ಸುಲಭ. ಡಿಸೆಂಬರ್ ಹುಟ್ಟುವ ಹೊತ್ತಿಗೆ ಬ್ರಿಗೇಡ್ ರಸ್ತೆ, ಕಮರ್ಷಿಯಲ್ ಸ್ಟ್ರೀಟ್ ಝಗಮಗಿಸುತ್ತಿರುತ್ತವೆ, ಮಾಲ್‌ಗಳಲ್ಲಿ ಮರ ಎದ್ದು ನಿಂತಿರುತ್ತದೆ. ಆ ದೀಪಗಳೆಂದರೆ ನನಗೂ ಇಷ್ಟ. ಆದರೆ 25ನೇ ತಾರೀಖಿನ ಸಂತೋಷವನ್ನು ಅವು ಒಂದನೇ ತಾರೀಖಿಗೇ ಕೇಳುತ್ತವೆ, ಮನೆಯಲ್ಲಿ ಸಾವು ಕಂಡವರು ಅದನ್ನು ಎಲ್ಲಿಂದ ತರಬೇಕು?

ಈಗ ಮೂರನೆಯ ಭಾನುವಾರಕ್ಕೆ ಬರುತ್ತೇನೆ. ನನ್ನ ಉತ್ತರವೆಲ್ಲ ಇರುವುದು ಅಲ್ಲಿ. ಅದು ಆನಂದದ ಭಾನುವಾರ. ಅಂದು ನೇರಳೆಯ ಬದಲು ಗುಲಾಬಿ ಬಣ್ಣದ ವಸ್ತ್ರ ತೊಡಬಹುದು, ಗುಲಾಬಿ ಬಣ್ಣದ ಮೇಣದ ಬತ್ತಿ ಹಚ್ಚುತ್ತೇವೆ. ಆ ದಿನದ ಪ್ರವೇಶ ಶ್ಲೋಕ 'ಪ್ರಭುವಿನಲ್ಲಿ ಸದಾ ಆನಂದಿಸಿರಿ' ಎನ್ನುತ್ತದೆ. ಫಿಲಿಪ್ಪಿಯರಿಗೆ ಪೌಲರು ಬರೆದ ಪತ್ರದ ನಾಲ್ಕನೆಯ ಅಧ್ಯಾಯದ ಮಾತು ಅದು. ಪತ್ರ ಬರೆಯುವಾಗ ಅವರು ಸೆರೆಯಲ್ಲಿದ್ದರು. ಅದೇ ಭಾನುವಾರಕ್ಕೆ, ಪೂಜೆಯಲ್ಲಿ ಓದುವ ಬೈಬಲ್ ಪಾಠಗಳ ಮೂರು ವರ್ಷಗಳ ಚಕ್ರದ ಮೊದಲ ವರ್ಷದಲ್ಲಿ, ಅಂದರೆ 2025ರ ಡಿಸೆಂಬರ್ 14ರಂದು ಓದಿದ ಶುಭಸಂದೇಶ ಮತ್ತಾಯನ 11ನೆಯ ಅಧ್ಯಾಯದ್ದು. ಅಲ್ಲಿಯೂ ಸೆರೆಮನೆಯೇ! ಜೋರ್ಡನ್ ನದಿಯ ದಡದಲ್ಲಿ ಅಷ್ಟು ಗಟ್ಟಿ ದನಿಯಲ್ಲಿ ಸಾರಿದ ಸ್ನಾನಿಕ ಯೊವಾನ್ನರು ಹೆರೋದ ರಾಜನ ಸೆರೆಯಿಂದ ತಮ್ಮ ಶಿಷ್ಯರ ಮೂಲಕ ಯೇಸುವನ್ನು ಕೇಳಿಸುತ್ತಾರೆ: ಬರಬೇಕಾದವರು ನೀವೇನೋ, ಇಲ್ಲವೇ ಬೇರೊಬ್ಬರಿಗಾಗಿ ನಾವು ಕಾಯಬೇಕೋ?

ಆನಂದದ ಭಾನುವಾರಕ್ಕೆ ಧರ್ಮಸಭೆ ಆರಿಸಿಕೊಂಡಿರುವುದು ಸೆರೆಯಾಳಿನ ಸಂದೇಹವನ್ನು. ಯೇಸುಸ್ವಾಮಿ ಗದರಲಿಲ್ಲ, ನಂಬಿಕೆ ಸಾಲದು ಎನ್ನಲಿಲ್ಲ. ನೀವು ಕೇಳಿದ್ದನ್ನೂ ಕಂಡದ್ದನ್ನೂ ಹೋಗಿ ಯೊವಾನ್ನನಿಗೆ ತಿಳಿಸಿ ಎಂದರು: ಕುರುಡರಿಗೆ ಕಣ್ಣು ಬಂದಿದೆ, ಕುಂಟರು ನಡೆಯುತ್ತಿದ್ದಾರೆ, ಬಡವರಿಗೆ ಶುಭಸಂದೇಶ ಸಿಗುತ್ತಿದೆ. ಬಿಡಿಸುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಯೊವಾನ್ನರು ಬಿಡುಗಡೆಯಾಗಲೂ ಇಲ್ಲ, ಅವರ ತಲೆ ಹೋಯಿತು. ಪ್ರತಿ ಸಲ ಓದುವಾಗಲೂ ಇಲ್ಲಿ ನನ್ನ ಎದೆ ಭಾರವಾಗುತ್ತದೆ, ಅದನ್ನು ಹಗುರ ಮಾಡಿ ಹೇಳಲು ನನಗೆ ಬಾರದು. ಆದರೂ ಆ ಕತ್ತಲೆಗೆ ಒಂದು ಸುದ್ದಿ ಹೋಗಿ ಮುಟ್ಟಿತು. ಗೋಡೆ ಬೀಳಲಿಲ್ಲ, ಗೋಡೆಯಾಚೆ ದೇವರು ಕೆಲಸ ಶುರು ಮಾಡಿದ್ದಾರೆ ಎಂಬುದು ತಿಳಿಯಿತು. ಆಗಮನ ಕಾಲದ ಆನಂದ ಇದೇ ಎಂದು ನಾನು ನಂಬಿದ್ದೇನೆ. ಅದು ಮನಸ್ಸಿನೊಳಗೆ ತಾನಾಗಿ ಉಕ್ಕುವುದಿಲ್ಲ, ಹೊರಗಿನಿಂದ ಸುದ್ದಿಯಾಗಿ ಬರುತ್ತದೆ.

ಆದ್ದರಿಂದ ಒಳಗೆ ಹುಡುಕುವುದನ್ನು ಸ್ವಲ್ಪ ಕಾಲ ಬಿಟ್ಟುಬಿಡಿ. ಸುದ್ದಿ ಸಿಗುವ ಕಡೆ ಹೋಗಿ.

ನನ್ನ ತಾಯಿ ತೀರಿಕೊಂಡ ವರ್ಷ ನಮ್ಮ ಧರ್ಮಕೇಂದ್ರದ ಕ್ಯಾರಲ್ ತಂಡದ ಜೊತೆ ಹೋದೆ. ಹಾಡುವ ಮನಸ್ಸಿರಲಿಲ್ಲ, ಹಾಡಿನ ಪುಸ್ತಕಕ್ಕೆ ಟಾರ್ಚ್ ಹಿಡಿಯಲು ಯಾರಾದರೂ ಬೇಕಿತ್ತು, ಹಿಡಿದೆ. ಶಿವಾಜಿನಗರದ ಒಂದು ಸಂದಿಯಲ್ಲಿ, ಎರಡು ಸ್ಕೂಟರ್‌ಗಳ ನಡುವೆ ಒಬ್ಬೊಬ್ಬರಾಗಿ ಒಳನುಗ್ಗಿ ಹೋಗಬೇಕಾದ ಮನೆ. ಹಾಸಿಗೆ ಹಿಡಿದ ಹಿರಿಯರೊಬ್ಬರು. ಲಕ್ವ ಹೊಡೆದು ಮಾತು ನಿಂತುಹೋಗಿತ್ತು. ಗಿಟಾರ್ ಹುಡುಗ ಹೊಸಿಲ ಮೇಲೆ, ನಾವೆಲ್ಲ ಗೋಡೆಗೆ ಒತ್ತಿಕೊಂಡು ನಿಂತು ದನಿ ತಗ್ಗಿಸಿ ಹಾಡಿದೆವು. ಎರಡನೆಯ ಚರಣಕ್ಕೆ ಅವರ ಎಡಗೈಯ ತೋರುಬೆರಳು ಮಂಚದ ಕಬ್ಬಿಣದ ಪಟ್ಟಿಯ ಮೇಲೆ ತಾಳ ಹಾಕತೊಡಗಿತು. ಲೆಕ್ಕ ತಪ್ಪಲಿಲ್ಲ. ಹಾಡು ನಿಂತ ಮೇಲೂ ಬೆರಳು ಇನ್ನೆರಡು ಪೆಟ್ಟು ಹಾಕಿತು, ಮುಂದುವರಿಸಿ ಎನ್ನುವಂತೆ. ಅವರ ಸೊಸೆ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಅಮ್ಮ ಸತ್ತ ದುಃಖ ಆ ರಾತ್ರಿ ಕಡಿಮೆಯಾಗಲಿಲ್ಲ. ಆದರೆ ಆ ದುಃಖದ ಪಕ್ಕದಲ್ಲಿಯೇ ಇನ್ನೊಂದು ಬಂದು ಕುಳಿತಿತು, ಅದಕ್ಕೆ ಆನಂದ ಎಂದು ಕರೆಯಲು ನನಗೆ ಸಂಕೋಚವಿಲ್ಲ.

ಮನೆಯಲ್ಲಿ ಮಾಡುವಂಥದ್ದೂ ಒಂದಿದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1839ರಲ್ಲಿ ಯೋಹಾನ್ ವಿಖರ್ನ್ ಎಂಬ ಲೂಥರನ್ ದೇವಶಾಸ್ತ್ರಜ್ಞರು ತಮ್ಮ ಆಶ್ರಮದ ಬಡ ಮಕ್ಕಳಿಗಾಗಿ ಬಂಡಿಯ ಚಕ್ರವೊಂದರ ಮೇಲೆ ಮೇಣದ ಬತ್ತಿಗಳನ್ನು ನಿಲ್ಲಿಸಿ ದಿನಕ್ಕೊಂದು ಹಚ್ಚಿದರು, ಕ್ರಿಸ್‌ಮಸ್ ಎಷ್ಟು ದೂರ ಎಂದು ಮಕ್ಕಳಿಗೆ ಕಣ್ಣಿಗೆ ಕಾಣಲಿ ಎಂದು. ಆಗಮನ ಕಾಲದಲ್ಲಿ ವಾರಕ್ಕೊಂದರಂತೆ ಹಚ್ಚುವ ನಾಲ್ಕು ಬತ್ತಿಗಳ ಇಂದಿನ ವರ್ತುಲ ಬೆಳೆದದ್ದು ಅಲ್ಲಿಂದ. ನಮ್ಮ ಮನೆಯಲ್ಲಿ ಸ್ಟೀಲ್ ತಟ್ಟೆ, ಸುತ್ತ ಸರ್ವೆ ಸೊಪ್ಪು, ಬಿಳಿ ಬತ್ತಿಗಳ ಬುಡಕ್ಕೆ ಬಣ್ಣದ ಕಾಗದ. ಸಂಜೆ ಟ್ಯೂಬ್‌ಲೈಟ್ ಆರಿಸಿ ಆ ವಾರದ ಬತ್ತಿಗಳನ್ನಷ್ಟೇ ಹಚ್ಚಿ ಪ್ರವಾದಿ ಯೆಶಾಯನ ಗ್ರಂಥದ ಒಂದು ಭಾಗ ಓದುತ್ತೇವೆ. ಮೊದಲ ವಾರ ಓದುವವರ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. ನಾಲ್ಕನೆಯ ವಾರಕ್ಕೆ ಮೊದಲ ಬತ್ತಿ ಮೋಟಾಗಿರುತ್ತದೆ, ಕೊನೆಯದು ನೆಟ್ಟಗೆ ನಿಂತಿರುತ್ತದೆ. ನಾಲ್ಕೂ ಸೇರಿ ಮೆಟ್ಟಿಲಿನಂತೆ. ಕಾದದ್ದೆಷ್ಟು ಎಂಬುದು ಮೇಣದಲ್ಲಿಯೇ ಕಾಣುತ್ತದೆ. ಒಬ್ಬರೇ ಇದ್ದರೂ ಮಾಡಿ. ಹತ್ತು ನಿಮಿಷ ಸಾಕು.

ಕ್ಯಾರಲ್ ಹಾಡುವಾಗ ಗಂಟಲು ಕಟ್ಟಿದರೆ ಸುಮ್ಮನೆ ನಿಂತುಬಿಡಿ, ಪಕ್ಕದವರು ಹಾಡುತ್ತಾರೆ. ಕೇಕ್, ಕುಲ್ಕುಲ್, ಹೊಸ ಬಟ್ಟೆ ಈ ವರ್ಷ ಬೇಡವೆನ್ನಿಸಿದರೆ ಬಿಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕ್ಯಾರಲ್ ಮತ್ತು ಹಾಸಿಗೆ ಹಿಡಿದವರ ಭೇಟಿಯನ್ನು ಮಾತ್ರ ಬಿಡಬೇಡಿ.

ಕೊನೆಯ ವಾರದ ಬಗ್ಗೆ ಒಂದು ವಿಷಯ. ಡಿಸೆಂಬರ್ ನಡುವಿನಲ್ಲಿ ಧನುರ್ಮಾಸ ಹುಟ್ಟುತ್ತದೆ. ನಸುಕಿನಲ್ಲಿ ಎದುರು ಮನೆಯವರು ದೇವಸ್ಥಾನಕ್ಕೆ ಹೊರಡುವ ಸದ್ದಿಗೆ ನನಗೂ ಎಚ್ಚರವಾಗುತ್ತದೆ, ಬೀದಿಯಲ್ಲಿ ನನ್ನ ಹಾಗೆಯೇ ಕಾಯುವವರು ಇದ್ದಾರೆ ಎನ್ನಿಸಿ ಹಿತವಾಗುತ್ತದೆ. ಅದೇ ಹೊತ್ತಿಗೆ, 17ರಿಂದ 23ರವರೆಗೆ, ಧರ್ಮಸಭೆಯ ಸಂಜೆಯ ಪ್ರಾರ್ಥನೆಯಲ್ಲಿ ಮರಿಯಮ್ಮನವರ ಗೀತೆಗೆ ಮುಂಚೆ ದಿನಕ್ಕೊಂದು ಹೆಸರಿನಿಂದ ಯೇಸುವನ್ನು 'ಬನ್ನಿ' ಎಂದು ಕರೆಯುತ್ತೇವೆ. 20ನೇ ತಾರೀಖಿನ ಹೆಸರು ದಾವೀದನ ಬೀಗದಕೈ. ಸೆರೆಮನೆಯಲ್ಲಿ, ಕತ್ತಲೆಯಲ್ಲಿ, ಮರಣದ ನೆರಳಿನಲ್ಲಿ ಕುಳಿತವರನ್ನು ಬಂದು ಹೊರಗೆ ಕರೆದೊಯ್ಯಿರಿ ಎಂಬುದು ಅಂದಿನ ಬೇಡಿಕೆ. ಆ ಸಂಜೆ ಬತ್ತಿ ಹಚ್ಚಿ, ನಿಮ್ಮ ತಂದೆಯವರ ಹೆಸರು ಸೇರಿಸಿ, ಅದನ್ನು ಗಟ್ಟಿಯಾಗಿ ಓದಿ. ಮನೆಯಲ್ಲಿ ಬೇರೆ ಯಾರಾದರೂ ಇದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ.