ಡಾಕ್ಟರ್ ಯಾಕೆ ನೋಡಲಿಲ್ಲ ಅಂತ ಕೇಳಿದೆಯಲ್ಲ

ಅಕ್ಕ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಇಂಗ್ಲೆಂಡಿಗೆ ಬಂದು ನಾಲ್ಕು ತಿಂಗಳು, ಈಗ ಎಂಟು ವಾರದ ಬಸುರಿ. ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್, ಕ್ಲಿನಿಕ್ಕಿನಲ್ಲಿ ಕೇಳಿದರೆ ಡಾಕ್ಟರ್ ನೋಡಲೇ ಇಲ್ಲ, ಒಂದು ಆನ್‌ಲೈನ್ ಫಾರ್ಮ್ ತುಂಬಿ ಅಂದರು, ಸ್ಕ್ಯಾನ್ ಕೂಡ ಇಲ್ಲ, ಊರಿಗೇ ಹೋಗಿಬಿಡಲಾ ಅಂತ ಕೇಳಿದ್ದೀಯ. ಮೊದಲು ಆ ಫಾರ್ಮ್ ತುಂಬು. ಇವತ್ತೇ. ಉಳಿದದ್ದನ್ನು ಆಮೇಲೆ ಓದು.

ಇಲ್ಲಿ ಬಸುರಿಯನ್ನು ನೋಡಿಕೊಳ್ಳುವುದು ಮಿಡ್‌ವೈಫ್. ಸೂಲಗಿತ್ತಿ ಅಂದರೆ ನಮಗೆ ಹಳೇ ಕಾಲದ ಅಜ್ಜಿ ನೆನಪಾಗುತ್ತಾಳೆ. ಇವರು ಅದನ್ನೇ ಓದಿ, ರಿಜಿಸ್ಟರ್ ಆಗಿ ಕೆಲಸ ಮಾಡುವವರು. ಎಲ್ಲ ಸರಿಯಾಗಿದ್ದರೆ ಡಾಕ್ಟರ್ ಮುಖ ನೋಡದೆಯೇ ಹೆರಿಗೆ ಆಗಿಬಿಡಬಹುದು. ಸ್ಕ್ಯಾನೂ ಮಾಮೂಲಿಗೆ ಎರಡೇ, 12 ವಾರದ ಹೊತ್ತಿಗೊಂದು, 20 ವಾರದ ಹೊತ್ತಿಗೊಂದು. ನನ್ನ ಅಮ್ಮ ಫೋನಿನಲ್ಲಿ "ಅದೆಂಥ ದೇಶವೇ" ಅಂದಿದ್ದರು. ನನಗೂ ಹಾಗೇ ಅನ್ನಿಸಿತ್ತು.

ಫಾರ್ಮ್ ಹೋದ ಮೇಲೆ ಬುಕಿಂಗ್ ಅಪಾಯಿಂಟ್‌ಮೆಂಟ್ ಅಂತ ಕರೆಯುತ್ತಾರೆ. ಅದು 10 ವಾರದೊಳಗೆ ಆದರೆ ಒಳ್ಳೆಯದು, ಅದಕ್ಕೇ ಇವತ್ತೇ ಅಂದದ್ದು. ರಕ್ತ, ಬಿಪಿ, ತೂಕ ಎಲ್ಲ ಆಗುತ್ತೆ. ಪ್ರಶ್ನೆಗಳು ಮಾತ್ರ ಮುಗಿಯುವುದೇ ಇಲ್ಲ. ಗಂಡ ರಕ್ತಸಂಬಂಧಿಯಾ ಅಂತ ಕೇಳುತ್ತಾರೆ. ಸೋದರಮಾವನನ್ನೋ ಅತ್ತೆಮಗನನ್ನೋ ಮದುವೆಯಾಗಿದ್ದರೆ ಮುಚ್ಚಿಡಬೇಡ. ಯಾವಾಗಲಾದರೂ ನಿನ್ನೊಬ್ಬಳನ್ನೇ ಕೂರಿಸಿಕೊಂಡು ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ ಅಂತಲೂ ಕೇಳಬಹುದು. ಬೇಜಾರು ಮಾಡಿಕೊಳ್ಳಬೇಡ, ಎಲ್ಲರನ್ನೂ ಕೇಳುತ್ತಾರೆ.

ಈಗ ನಾನು ನಿಜವಾಗಿ ಹೇಳಬೇಕಾದ ಮಾತು. ಇಲ್ಲಿ ಯಾರೂ ನಿನ್ನ ಮುಖ ನೋಡಿ "ಯಾಕೆ ಸಪ್ಪಗಿದ್ದೀಯ" ಅನ್ನುವುದಿಲ್ಲ. ಬಾಯಿ ಬಿಟ್ಟು ಹೇಳಿದರೆ ಮಾತ್ರ ಕೆಲಸ ನಡೆಯುತ್ತೆ. ನನ್ನ ಮೊದಲ ಬಸಿರಿನಲ್ಲಿ 32 ವಾರಕ್ಕೆ ಅಂಗಾಲು ತುರಿಸಲು ಶುರುವಾಯಿತು. ಗುಳ್ಳೆ ಇಲ್ಲ, ಕೆಂಪಗಾಗಿಲ್ಲ. ಹೀಟರ್‌ಗೆ ಚರ್ಮ ಒಣಗಿದೆ ಅಂದುಕೊಂಡು ದಿನಾ ಕೊಬ್ಬರಿ ಎಣ್ಣೆ ಹಚ್ಚಿದೆ. ರಾತ್ರಿ ಎರಡು ಗಂಟೆಗೆ ಎದ್ದು ಮೆಟ್ಟಿಲ ಮೇಲೆ ಕೂತು, ಒರಟು ಕಾರ್ಪೆಟ್ಟಿನ ಅಂಚಿಗೆ ಪಾದ ಉಜ್ಜುತ್ತಿದ್ದೆ. ಈ ನಡುವೆ ಒಮ್ಮೆ ಮಿಡ್‌ವೈಫ್ ಹತ್ತಿರ ಹೋಗಿಯೂ ಬಂದೆ. "ಬೇರೇನಾದರೂ ತೊಂದರೆ?" ಅಂತ ಕೇಳಿದಳು. "ಐಯಾಮ್ ಫೈನ್" ಅಂದೆ. ಕಾಲು ತುರಿಕೆ ಅಂತ ಹೇಳುವುದಕ್ಕೆ ನಾಚಿಕೆ! ಮುಂದಿನ ಸಲ ಬಾಯಿತಪ್ಪಿ ಹೇಳಿದ್ದೇ ತಡ, ಅವತ್ತೇ ರಕ್ತ ತೆಗೆದರು. ಲಿವರ್‌ನಿಂದ ಪಿತ್ತ ಸರಿಯಾಗಿ ಹರಿಯದೆ ಅದರ ಅಂಶ ರಕ್ತದಲ್ಲಿ ಸೇರುವ ತೊಂದರೆ ಅದು. ಒಬ್‌ಸ್ಟೆಟ್ರಿಕ್ ಕೊಲೆಸ್ಟಾಸಿಸ್ ಅನ್ನುತ್ತಾರೆ, ದಕ್ಷಿಣ ಏಷ್ಯಾದವರಲ್ಲಿ ಸ್ವಲ್ಪ ಜಾಸ್ತಿ. ಮಟ್ಟ ತುಂಬ ಏರಿದರೆ ಮಗುವಿಗೆ ಅಪಾಯ. ಆಮೇಲೆ ಡಾಕ್ಟರ್ ನೋಡಿದರು, ಪದೇ ಪದೇ ರಕ್ತಪರೀಕ್ಷೆ ಆಯಿತು, 38 ವಾರ ದಾಟಿದ ಮೇಲೆ ನೋವು ಬರಿಸಿ ಹೆರಿಗೆ ಮಾಡಿಸಿದರು. ಇಬ್ಬರೂ ಚೆನ್ನಾಗಿದ್ದೆವು. ಆದರೆ ಆ ಎಣ್ಣೆ ಹಚ್ಚಿದ ದಿನಗಳನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತೆ.

ಹಾಗಾಗಿ ಮಿಡ್‌ವೈಫ್ ಕೊಡುವ ಮೆಟರ್ನಿಟಿ ಟ್ರಯಾಜ್ ನಂಬರನ್ನು, ಅಂದರೆ ಬಸುರಿಯರು ತುರ್ತಿಗೆ ಆಸ್ಪತ್ರೆಗೆ ಫೋನ್ ಮಾಡುವ ನಂಬರನ್ನು, ನಿನ್ನ ಫೋನಿನಲ್ಲೂ ಗಂಡನ ಫೋನಿನಲ್ಲೂ ಸೇವ್ ಮಾಡಿಟ್ಟುಕೊಳ್ಳಿ. ರಕ್ತ ಕಂಡರೆ, ನೀರು ಹೋದರೆ, ತಲೆನೋವು ಜೋರಾಗಿ ಕಣ್ಣು ಮಂಜಾದರೆ, ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡ. ದಿನಕ್ಕಿಷ್ಟು ಸಲ ಅಂತ ಲೆಕ್ಕವಿಲ್ಲ, ನಿನ್ನ ಮಗುವಿನ ರೂಢಿ ನಿನಗೇ ಗೊತ್ತಾಗುತ್ತೆ. ಸುಮ್ನೆ ತೊಂದರೆ ಕೊಟ್ಟೆನಾ ಅನ್ನಿಸುತ್ತೆ, ಅನ್ನಿಸಲಿ ಬಿಡು. ಹೊಟ್ಟೆಗೆ ಇಟ್ಟು ಹೃದಯ ಬಡಿತ ಕೇಳುವ ಯಂತ್ರ ಮಾತ್ರ ಕೊಳ್ಳಬೇಡ. ಅದು ಸುಳ್ಳು ಧೈರ್ಯ ಕೊಡುತ್ತೆ.

ಮಾತ್ರೆಯ ವಿಷಯ. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ, 12 ವಾರದವರೆಗೆ. ವಿಟಮಿನ್ ಡಿ 10 ಮೈಕ್ರೋಗ್ರಾಂ, ದಿನಾ. ಇಲ್ಲಿನ ಬಿಸಿಲನ್ನು ನಂಬಬೇಡ. ಸಸ್ಯಾಹಾರಿಯಾದರೆ ಕಬ್ಬಿಣ, ಬಿ12 ಬಗ್ಗೆ ನೀನೇ ಕೇಳು. ಮನೆಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲದಿದ್ದರೂ, ನಮ್ಮ ಕಡೆಯವರು ಅನ್ನುವ ಒಂದೇ ಕಾರಣಕ್ಕೆ 24ರಿಂದ 28 ವಾರದೊಳಗೆ ಶುಗರ್ ಟೆಸ್ಟಿಗೆ ಕರೆಯುತ್ತಾರೆ. ಖಾಲಿ ಹೊಟ್ಟೆ, ಸಿಹಿನೀರು, ಎರಡು ಗಂಟೆ ಕುರ್ಚಿ. ಪುಸ್ತಕ ತಗೊಂಡು ಹೋಗು. ಇಬ್ಬರಿಗಾಗುವಷ್ಟು ತಿನ್ನು ಅಂತ ಊರಿನಿಂದ ಫೋನ್ ಬರುತ್ತಲೇ ಇರುತ್ತೆ. ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ ಸುಮಾರು 200 ಕ್ಯಾಲೊರಿ ಜಾಸ್ತಿ ಸಾಕು. ನಾಯಿಕೆಮ್ಮಿನ ಲಸಿಕೆ 16 ವಾರದಿಂದ, ಆರ್‌ಎಸ್‌ವಿ (ಎಳೆ ಮಗುವಿನ ಶ್ವಾಸಕೋಶಕ್ಕೆ ತೊಂದರೆ ಕೊಡುವ ವೈರಸ್) ಲಸಿಕೆ 28 ವಾರದಿಂದ ಸಿಗುತ್ತೆ, ಎರಡನ್ನೂ ಹಾಕಿಸಿಕೋ. 28 ವಾರ ಆದ ಮೇಲೆ ಮಗ್ಗುಲಾಗಿ ಮಲಗು.

ದುಡ್ಡಿನ ಚಿಂತೆ ಬೇಡ. ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೀರಲ್ಲ, ಹೆರಿಗೆಗೆ ಬಿಲ್ ಬರುವುದಿಲ್ಲ. ಮೆಟರ್ನಿಟಿ ಎಕ್ಸೆಂಪ್ಷನ್ ಸರ್ಟಿಫಿಕೇಟ್ ಕೇಳಿ ತಗೋ. ಡಾಕ್ಟರ್ ಬರೆದ ಔಷಧಿ ಹೆರಿಗೆಯಾಗಿ ಒಂದು ವರ್ಷದವರೆಗೆ ಪುಕ್ಕಟೆ, ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ, ಹಲ್ಲಿನ ಡಾಕ್ಟರೂ ಪುಕ್ಕಟೆ. ಆ ಡಾಕ್ಟರ್ ಸಿಗುವುದು ಬೇರೆ ಮಾತು.

ಹೆರಿಗೆ ನೋವು ಶುರುವಾದ ತಕ್ಷಣ ಓಡಿದರೆ ವಾಪಸ್ ಕಳಿಸುತ್ತಾರೆ. ಐದು ನಿಮಿಷಕ್ಕೊಮ್ಮೆ ಬಂದು ಒಂದೊಂದೂ ಒಂದು ನಿಮಿಷ ಇರುವಂತಾದಾಗ ಫೋನ್ ಮಾಡು. ಗಂಡ ಪಕ್ಕದಲ್ಲೇ ಇರಬಹುದು. ನನ್ನವರು ಮೂಲೆಯಲ್ಲಿ ನಿಂತು ಬೆವರಿದರು, ಆದರೂ ಇದ್ದರು. ಎಪಿಡ್ಯೂರಲ್, ಅಂದರೆ ನೋವು ತಡೆಯಲು ಬೆನ್ನಿಗೆ ಕೊಡುವ ಇಂಜೆಕ್ಷನ್, ಬೇಕಿದ್ದರೆ ಲೇಬರ್ ವಾರ್ಡಿನಲ್ಲೇ ಆಗಬೇಕು, ಮಿಡ್‌ವೈಫ್‌ಗಳೇ ನಡೆಸುವ ಬರ್ತ್ ಸೆಂಟರಿನಲ್ಲಿ ಕೊಡುವುದಿಲ್ಲ. ಇದನ್ನು ಮೊದಲೇ ಯೋಚಿಸು. 36 ವಾರಕ್ಕೆ ಬ್ಯಾಗ್ ತುಂಬಿಡು. ಕಾರಿನಲ್ಲಿ ಮನೆಗೆ ಬರುವುದಾದರೆ ಮಗುವಿನ ಸೀಟ್ ಬೇಕು. ಸಲೀಸಾಗಿ ಹೆರಿಗೆಯಾದರೆ ಮಾರನೇ ದಿನವೇ ಮನೆಗೆ ಕಳಿಸುತ್ತಾರೆ.

ಆಮೇಲಿನ ಬಾಣಂತನವೇ ದೊಡ್ಡ ಪ್ರಶ್ನೆ, ಅಲ್ವಾ? ಅಮ್ಮ ವಿಸಿಟರ್ ವೀಸಾದಲ್ಲಿ ಬಂದು ಆರು ತಿಂಗಳವರೆಗೆ ಇರಬಹುದು. ಆದರೆ ಅವರು ಆಸ್ಪತ್ರೆ ಸೇರುವಂತಾದರೆ ಮಾಮೂಲಿ ದರದ ಒಂದೂವರೆ ಪಟ್ಟು ಬಿಲ್ ಹಾಕುತ್ತಾರೆ, ಇನ್ಶೂರೆನ್ಸ್ ಇಲ್ಲದೆ ವಿಮಾನ ಹತ್ತಿಸಬೇಡ. ಅಮ್ಮ ಬರುವ ಹಾಗಿದ್ದರೆ ಇಲ್ಲೇ ಇರು ಅಂತ ನಾನು ಹೇಳುತ್ತೇನೆ. ಯಾರೂ ಬರುವ ಹಾಗಿಲ್ಲ, ಗಂಡನಿಗೂ ಎರಡೇ ವಾರ ರಜೆ ಅಂತಾದರೆ ಊರಿಗೆ ಹೋಗುವುದು ಹೇಡಿತನವೇನಲ್ಲ. 20 ವಾರದ ಸ್ಕ್ಯಾನ್ ಮುಗಿಯುತ್ತಲೇ ತೀರ್ಮಾನ ಮಾಡು. 28 ವಾರ ದಾಟಿದರೆ ವಿಮಾನದವರು ಪತ್ರ ಕೇಳಬಹುದು, ಕೊನೆಯ ವಾರಗಳಲ್ಲಿ ಹತ್ತಿಸಿಕೊಳ್ಳುವುದೇ ಇಲ್ಲ.

ಫಾರ್ಮ್ ಕಳಿಸಿ ವಾರವಾದರೂ ಫೋನ್ ಬರದಿದ್ದರೆ ನೀನೇ ಮಾಡು. ಇಂಗ್ಲಿಷಿನಲ್ಲಿ ತಡವರಿಸುತ್ತೆ ಅನ್ನಿಸಿದರೆ ಕನ್ನಡದ ಇಂಟರ್‌ಪ್ರಿಟರ್ ಬೇಕು ಅನ್ನು. ಅದಕ್ಕೂ ದುಡ್ಡಿಲ್ಲ.